ಬಾವಿಯ ಒರತೆಯನ್ನು ಅಳತೆಗಳಿಂದ ನಿರ್ಧರಿಸುವ ಕ್ರಮ

ಬಾವಿಯ ನೀರನ್ನು ನಂಬಿ ಬೇಸಾಯ ಮಾಡತಕ್ಕ ರೈತನು ಬೆಳೆಯನ್ನು ಗೊತ್ತುಮಾಡುವುದಕ್ಕೆ ಮೊದಲು ಬಾವಿಯೊಳಗೆ ಬಗ್ಗಿ ನೋಡುವುದು ವಾಡಿಕೆ. ನೀರು ಮೇಲಿನ ಮೆಟ್ಟಿಲುಗಳವರೆಗೆ ನಿಂತಿದ್ದರೆ ಧೈರ್ಯದಿಂದ ಹೆಚ್ಚು ನೆಲವನ್ನು ತೋಟಕ್ಕೆ ತರುವನು, ತಳದಲ್ಲಿದ್ದರೆ ಹಿಂಜರಿಯುವನು. ಆದರೆ ನಿಂತ ನೀರು ಪೆಟ್ಟಿಗೆಯೊಳಗಿನ ಹಣವಿದ್ದಂತೆ. ಒರತೆಯು ದಿನದಿನದ ಆದಾಯವಿದ್ದಂತೆ. ಪೆಟ್ಟಿಗೆಯ ಹಣವು ಕೆಲವು ದಿನಗಳಲ್ಲಿಯೇ ತೀರಿಹೋಗುವುದು. ಮೂರು ನಾಲ್ಕು ತಿಂಗಳು ನೆಲದ ಮೇಲೆ ನಿಲ್ಲಬೇಕಾದ ಬೆಳೆಯು ಬದುಕುವುದು ಆದಾಯದಿಂದಲೇ. ಸಾಲ ತಂದು ಪಂಪು ಹಾಕಿ, ಗೊಬ್ಬರ ಬಿತ್ತನೆಗಳಿಗೆ ಹಣ ಚೆಲ್ಲಿ, ಕಾಳು ಕಟ್ಟುವ ಹೊತ್ತಿಗೆ ಬಾವಿ ಬತ್ತಿತೆಂದು ಕೈಚೆಲ್ಲಿ ಕುಳಿತ ಅನೇಕ ಸಂಸಾರಗಳ ಕಷ್ಟಕ್ಕೆ ಮೂಲವು ಈ ಎರಡರ ಭೇದವನ್ನು ಅರಿಯದಿರುವುದೇ ಆಗಿದೆ.

ಒರತೆಯು ಕಣ್ಣಿಗೆ ಕಾಣುವ ವಸ್ತುವಲ್ಲ. ನೀರಿನ ಮಟ್ಟವು ಏರುವುದನ್ನೂ ಇಳಿಯುವುದನ್ನೂ ಅಳೆದು, ಆ ಅಳತೆಗಳಿಂದ ಅದನ್ನು ಊಹಿಸಬೇಕು. ಈಗಿನ ಕಾಲದಲ್ಲಿ ಅಳತೆಗಳಿಗೆ ಕೊರತೆಯಿಲ್ಲ. ನೀರಿನೊಳಗೆ ಇಳಿಬಿಟ್ಟ ಒತ್ತಡಮಾಪಕವು ತಾನಾಗಿಯೇ ಕಾಲು ಗಂಟೆಗೊಮ್ಮೆ ಮಟ್ಟವನ್ನು ಬರೆದಿಡಬಲ್ಲದು. ಹೀಗೆ ಬರೆದರೆ ಒಂದು ಬಾವಿಗೆ ದಿನಕ್ಕೆ ೯೬, ವರ್ಷಕ್ಕೆ ೩೫,೦೪೦ ಅಳತೆಗಳಾಗುವುವು. ನೂರು ಬಾವಿಗಳಿಗೆ ಮೂವತ್ತೈದು ಲಕ್ಷವನ್ನು ಮೀರುವುವು. ಇಷ್ಟು ದೊಡ್ಡ ರಾಶಿಯಿಂದ ಬಾವಿಯ ಸ್ವಭಾವವನ್ನು ಅಲ್ಪ ಶ್ರಮದಲ್ಲಿ ಹೇಗೆ ಹೊರತೆಗೆಯಬೇಕು, ಈ ರಾಶಿಯಲ್ಲಿ ಯಾವ ಅಳತೆ ಪ್ರಯೋಜನಕ್ಕೆ ಬರುವುದು, ಯಾವುದು ಮೋಸ ಮಾಡುವುದು ಎಂಬ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಬಾವಿಯ ಸ್ವಭಾವ

ತೆರೆದ ಬಾವಿಯಿಂದ ನೀರೆತ್ತದೆ ಕೆಲವು ದಿನ ಬಿಟ್ಟರೆ ನೀರು ಒಂದು ಮಟ್ಟಕ್ಕೆ ಬಂದು ನಿಲ್ಲುವುದು. ಇದಕ್ಕೆ ನಿಲುಮಟ್ಟವೆಂದು ಹೆಸರಿಡಬಹುದು. ನೀರನ್ನು ಎತ್ತಿದ ಮೇಲೆ ಆಗಿನ ಮಟ್ಟವು ನಿಲುಮಟ್ಟಕ್ಕಿಂತ ಎಷ್ಟು ಕೆಳಗಿರುವುದೋ ಅಷ್ಟು ಬಾವಿಯ ಕೊರತೆ. ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ ಎಂಬ ಇಂಜಿನಿಯರು, ದಿಜೋನ್ ಪಟ್ಟಣದ ನೀರಿನ ಸರಬರಾಜನ್ನು ಕುರಿತು ೧೮೫೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಳಿನ ಮೂಲಕ ಜಿನುಗುವ ನೀರಿನ ಪ್ರಮಾಣವು ಎರಡು ಬದಿಗಳ ನೀರಿನ ಮಟ್ಟದ ಅಂತರಕ್ಕೆ ಅನುಗುಣವಾಗಿರುವುದೆಂದು ತೋರಿಸಿದರು. ಈ ನಿಯಮವನ್ನು ಬಾವಿಗೆ ಅನ್ವಯಿಸಿದರೆ, ಕೊರತೆ ದೊಡ್ಡದಾದಷ್ಟೂ ಒರತೆಯು ರಭಸವಾಗಿ ಬರುವುದು, ಕೊರತೆ ತುಂಬಿದಂತೆಲ್ಲಾ ಮಂದವಾಗುವುದು ಎಂದಾಗುತ್ತದೆ. ಬಾವಿ ತೋಡುವವರೂ ಕಪಿಲೆ ಹೊಡೆಯುವವರೂ ಇದನ್ನು ಅನುಭವದಿಂದ ಬಲ್ಲವರೇ ಆಗಿದ್ದರು.

ಉದಾಹರಣೆಗೆ, ಗಂಟೆಗೆ ಕೊರತೆಯ ಹತ್ತರಲ್ಲೊಂದು ಪಾಲು ತುಂಬತಕ್ಕ ಬಾವಿಯಲ್ಲಿ ೪ ಮೀಟರು ಕೊರತೆಯಿದೆಯೆಂದು ಭಾವಿಸೋಣ. ಮೊದಲನೆಯ ಗಂಟೆಯಲ್ಲಿ ನೀರು ೪೦ ಸೆಂಟಿಮೀಟರು ಏರುವುದು. ಉಳಿದ ಕೊರತೆ ೩.೬೦ ಮೀಟರು. ಎರಡನೆಯ ಗಂಟೆಯಲ್ಲಿ ೩೬ ಸೆಂಟಿಮೀಟರು ಏರುವುದು. ಉಳಿದ ಕೊರತೆ ೩.೨೪ ಮೀಟರು. ಹೀಗೆ ಪ್ರತಿ ಗಂಟೆಯ ಕೊನೆಯಲ್ಲಿಯೂ ಉಳಿಯುವುದು ಹಿಂದಿನ ಕೊರತೆಯ ೦.೯೦ ಪಾಲು. ಈ ೦.೯೦ಕ್ಕೆ ಬಾವಿಯ ಉಳಿಕೆಯ ಗುಣಕವೆಂದು ಹೇಳಬಹುದು. ಗುಣಕವು ಚಿಕ್ಕದಾದಷ್ಟೂ ಬಾವಿಯು ಒಳ್ಳೆಯದು. ಅದು ೧ಕ್ಕೆ ಹತ್ತಿರವಾದಷ್ಟೂ ಒರತೆ ಬಡವಾದುದು. ಈ ಒಂದು ಸಂಖ್ಯೆಯೂ ಬಾವಿಯ ಅಗಲವೂ ಗೊತ್ತಾದರೆ ಬಾವಿಯು ದಿನಕ್ಕೆ ಎಷ್ಟು ನೀರು ಕೊಡಬಲ್ಲದೆಂದು ಮುಂಚಿತವಾಗಿಯೇ ಹೇಳಬಹುದು.

ಎರಡು ಮೊತ್ತಗಳ ಲೆಕ್ಕ

ಸಂಜೆ ಪಂಪನ್ನು ನಿಲ್ಲಿಸಿದ ಮೇಲೆ ತೂಕದ ಗುಂಡು ಕಟ್ಟಿದ ಅಳತೆಯ ಪಟ್ಟಿಯನ್ನು ಗಂಟೆಗೊಮ್ಮೆ ಇಳಿಬಿಟ್ಟು ನೋಡಿದಾಗ, ಕೊರತೆಯು ಕ್ರಮವಾಗಿ ೪.೦೦, ೩.೬೨, ೩.೨೨, ೨.೯೩, ೨.೬೧ ಮೀಟರುಗಳೆಂದು ಕಂಡಿತೆನ್ನೋಣ. ಪಟ್ಟಿಯ ಅಲುಗಾಟದಿಂದಲೂ ನೀರಿನ ತೆರೆಯಿಂದಲೂ ಒಂದೆರಡು ಸೆಂಟಿಮೀಟರು ಹೆಚ್ಚು ಕಡಿಮೆಯಾಗುವುದು ಸಹಜ. ಆದುದರಿಂದ ಯಾವುದೋ ಎರಡು ಅಳತೆಗಳನ್ನು ಮಾತ್ರ ತೆಗೆದುಕೊಂಡು ಭಾಗಿಸಿದರೆ ಗುಣಕವು ಒಂದೊಂದು ಸಲ ಒಂದೊಂದು ರೀತಿಯಾಗಿ ಬರುವುದು. ಎಲ್ಲಾ ಅಳತೆಗಳಿಗೂ ನ್ಯಾಯವಾಗುವಂತೆ, ಅಂದರೆ ತಪ್ಪುಗಳ ವರ್ಗಗಳ ಮೊತ್ತವು ಅತ್ಯಂತ ಕಡಿಮೆಯಾಗುವಂತೆ, ಗುಣಕವನ್ನು ಆರಿಸುವ ವಿಧಾನವೇ ಕನಿಷ್ಠ ವರ್ಗಗಳ ಕ್ರಮ. ಇದನ್ನು ೧೮೦೫ರಲ್ಲಿ ಫ್ರಾನ್ಸಿನ ಲೆಜಾಂಡ್ರರೂ ೧೮೦೯ರಲ್ಲಿ ಜರ್ಮನಿಯ ಗೌಸರೂ ಪ್ರಕಟಿಸಿದರು.

ಈ ಕ್ರಮದಲ್ಲಿ ಮಾಡತಕ್ಕ ಕೆಲಸವು ಬಹು ಸುಲಭವಾದುದು. ಪ್ರತಿ ಅಳತೆಯನ್ನೂ ಅದರ ಮುಂದಿನ ಅಳತೆಯಿಂದ ಗುಣಿಸಿ ಬಂದುದನ್ನೆಲ್ಲಾ ಕೂಡಬೇಕು. ಇದು ಮೊದಲನೆಯ ಮೊತ್ತ. ಕೊನೆಯದನ್ನು ಬಿಟ್ಟು ಪ್ರತಿ ಅಳತೆಯ ವರ್ಗವನ್ನೂ ಕೂಡಬೇಕು. ಇದು ಎರಡನೆಯ ಮೊತ್ತ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಗುಣಕವು ಬರುವುದು. ಮೇಲೆ ಕಂಡ ಐದು ಅಳತೆಗಳಲ್ಲಿ ಮೊದಲನೆಯ ಮೊತ್ತ ೪೩.೨೨, ಎರಡನೆಯ ಮೊತ್ತ ೪೮.೦೬; ಗುಣಕ ೦.೮೯೯೩.

ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಅಳತೆಗಳು ಐದೇ ಆಗಲಿ ಐದು ಲಕ್ಷವೇ ಆಗಲಿ, ಗುಣಕಕ್ಕೆ ಬೇಕಾದುದು ಈ ಎರಡು ಮೊತ್ತಗಳು ಮಾತ್ರ. ಅಳತೆ ಬಂದೊಡನೆ ಅದನ್ನು ಮೊತ್ತಗಳಿಗೆ ಸೇರಿಸಿದ ಬಳಿಕ, ಗುಣಕದ ಮಟ್ಟಿಗೆ ಹಳೆಯ ಅಳತೆಯಿಂದ ಆಗಬೇಕಾದ ಕೆಲಸವಿಲ್ಲ. ಅಂಗಡಿಯವನು ಹಿಂದಿನ ಚೀಟಿಗಳನ್ನೆಲ್ಲಾ ದಿನವೂ ಬಿಡಿಸಿ ಕೂಡದೆ, ನಿನ್ನೆಯ ಬಾಕಿಗೆ ಇಂದಿನ ವ್ಯಾಪಾರವನ್ನು ಸೇರಿಸುವಂತೆಯೇ ಇದು.

ಬೇಸಾಯದ ಶಾಸ್ತ್ರಕ್ಕೆ ಇಂತಹ ಸಂಕ್ಷೇಪವು ಹೊಸದಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ೧೮೪೩ರಿಂದ ಗೋಧಿಯ ಪ್ರಯೋಗಗಳು ನಡೆದುಬಂದಿವೆ. ಅಲ್ಲಿನ ದಶಕಗಳ ಮಳೆಯ ದಾಖಲೆಗಳನ್ನು ಪರೀಕ್ಷಿಸಿದ ಆರ್. ಎ. ಫಿಷರ್‌ರವರು, ಒಂದು ವರ್ಷದ ಮಳೆಯ ಏರಿಳಿತವನ್ನೆಲ್ಲಾ ಕೆಲವೇ ಗುಣಕಗಳಲ್ಲಿ ಹಿಡಿದಿಟ್ಟು, ಗೋಧಿಯ ಇಳುವರಿಯ ಮೇಲೆ ಮಳೆಯ ಪರಿಣಾಮವನ್ನು ೧೯೨೪ರಲ್ಲಿ ವಿವರಿಸಿದರು. ದಾಖಲೆಯ ರಾಶಿಯನ್ನು ಹೊರುವುದಕ್ಕಿಂತ ಅದರ ಸಾರವನ್ನು ಹೊರುವುದು ಮೇಲೆಂಬ ತತ್ತ್ವವು ಎರಡು ಕಡೆಗಳಲ್ಲಿಯೂ ಒಂದೇ.

ಹೊಸ ಅಳತೆಯಿಂದ ಹಳೆಯ ಊಹೆಯನ್ನು ತಿದ್ದುವ ಬಗೆ

ಇದೇ ಲೆಕ್ಕವನ್ನು ಇನ್ನೊಂದು ರೀತಿಯಿಂದಲೂ ನಡೆಸಬಹುದು. ಮೇಲಿನ ಉದಾಹರಣೆಯಲ್ಲಿ ಮೊದಲ ನಾಲ್ಕು ಅಳತೆಗಳಿಂದ ಬರುವ ಗುಣಕ ೦.೯೦೧೨. ಇದರ ಪ್ರಕಾರ ೨.೯೩ ಮೀಟರು ಕೊರತೆಯು ಒಂದು ಗಂಟೆಯ ನಂತರ ೨.೬೪ ಆಗಬೇಕು. ಅಳೆದಾಗ ಕಂಡದ್ದು ೨.೬೧. ಎಣಿಸಿದ್ದಕ್ಕಿಂತ ೩ ಸೆಂಟಿಮೀಟರು ಕಡಿಮೆ. ಈ ವ್ಯತ್ಯಾಸದ ಒಂದು ಪಾಲನ್ನು ಹಳೆಯ ಗುಣಕಕ್ಕೆ ಸೇರಿಸಬೇಕು. ಆ ಪಾಲು ಎಷ್ಟೆಂದರೆ, ಹಿಂದಿನ ಕೊರತೆಯನ್ನು ಇದುವರೆಗಿನ ಎರಡನೆಯ ಮೊತ್ತದಿಂದ ಭಾಗಿಸಿ ಬಂದಷ್ಟು, ಇಲ್ಲಿ ೨.೯೩ನ್ನು ೪೮.೦೬ರಿಂದ ಭಾಗಿಸಿದರೆ ೦.೦೬೧. ತಿದ್ದಿದ ಗುಣಕವು ೦.೮೯೯೩ಕ್ಕೆ ಇಳಿಯುವುದು. ಎಲ್ಲಾ ಅಳತೆಗಳನ್ನೂ ಒಟ್ಟಿಗೆ ಲೆಕ್ಕಹಾಕಿದಾಗ ಬಂದದ್ದೂ ಇದೇ ಆಗಿರುವುದನ್ನು ವಾಚಕರು ನೋಡಬಹುದು. ಅಳತೆಗಳು ಹೆಚ್ಚಿದಂತೆ ಎರಡನೆಯ ಮೊತ್ತವು ದೊಡ್ಡದಾಗಿ, ತಿದ್ದುಪಡಿಯ ಪಾಲು ಚಿಕ್ಕದಾಗುತ್ತಾ ಹೋಗುವುದು. ಅನುಭವಸ್ಥನು ಒಂದು ಹೊಸ ಸುದ್ದಿಯಿಂದ ತನ್ನ ಅಭಿಪ್ರಾಯವನ್ನು ಥಟ್ಟನೆ ಬದಲಿಸದಿರುವಂತೆ ಇದೂ ಸಹ.

ಹೀಗೆ ಹಳೆಯ ಲೆಕ್ಕವನ್ನು ಮತ್ತೆ ಮಾಡದೆ ತಿದ್ದುವ ಮಾರ್ಗವನ್ನು ಗೌಸರೇ ೧೮೨೦ರ ದಶಕದಲ್ಲಿ ತೋರಿಸಿದ್ದರು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಕಾಲ್ಮನ್‌ರವರು ಕ್ಷಣಕ್ಷಣಕ್ಕೂ ಬದಲಾಗತಕ್ಕ ವ್ಯವಸ್ಥೆಗಳಿಗೆ ಇಂತಹ ತಿದ್ದುಪಡಿಯ ಸೂತ್ರಗಳನ್ನು ೧೯೬೦ರಲ್ಲಿ ಕೊಟ್ಟರು. ಚಂದ್ರಲೋಕಕ್ಕೆ ಹೋದ ಅಪೊಲೊ ನೌಕೆಗಳ ಮಾರ್ಗವನ್ನು ಅವುಗಳ ಸಣ್ಣ ಗಣಕಯಂತ್ರಗಳು ಲೆಕ್ಕಹಾಕಿದ್ದು ಈ ಜಾತಿಯ ಸೂತ್ರಗಳಿಂದಲೇ. ನೌಕೆಯ ದಾರಿಗಾಗಲಿ ಬಾವಿಯ ನೀರಿಗಾಗಲಿ ನಿಯಮವು ಒಂದೇ: ಮುಂದೆ ಏನಾಗುವುದೆಂದು ಎಣಿಸುವುದು, ಆದುದನ್ನು ನೋಡುವುದು, ಎರಡರ ಅಂತರದಿಂದ ಕಲಿಯುವುದು.

ಯಾವ ಅಳತೆ ಮೋಸ ಮಾಡುವುದು

ಲೆಕ್ಕವು ಇಷ್ಟು ಸುಲಭವಾದ ಮೇಲೆ, ಒತ್ತಡಮಾಪಕವು ಬರೆದ ಅಳತೆಗಳನ್ನೆಲ್ಲಾ ಮೊತ್ತಗಳಿಗೆ ಸುರಿದರೆ ಸಾಕಲ್ಲವೇ ಎಂದು ತೋರಬಹುದು. ಹಾಗೆ ಮಾಡುವುದು ಅಪಾಯಕರ. ಒಂದು ಅಳತೆಯ ಬೆಲೆಯು ಅದರ ಕೊರತೆಯ ವರ್ಗದಷ್ಟು. ೪ ಮೀಟರು ಕೊರತೆಯು ೨ ಸೆಂಟಿಮೀಟರು ಕೊರತೆಯ ೨೦೦ ಪಟ್ಟು. ಅದರ ವರ್ಗ ೪೦,೦೦೦ ಪಟ್ಟು. ಆದುದರಿಂದ ಬಾವಿಯನ್ನು ೪ ಮೀಟರು ಬರಿದು ಮಾಡಿ ತೆಗೆದುಕೊಂಡ ಒಂದು ಅಳತೆಯು, ಬಾವಿಯು ಬಹುಮಟ್ಟಿಗೆ ತುಂಬಿ ನಿಂತಿರುವಾಗ ತೆಗೆದುಕೊಂಡ ನಲವತ್ತು ಸಾವಿರ ಅಳತೆಗಳಿಗೆ ಸಮ. ಕಾಲು ಗಂಟೆಗೊಮ್ಮೆ ಒಂದು ವರ್ಷ ಪೂರ್ತಿ ನಿಂತ ನೀರನ್ನು ಅಳೆದರೂ ಅಷ್ಟು ಅಳತೆಗಳಾಗುವುದಿಲ್ಲ. ಕೆಲಸವಿಲ್ಲದೆ ನಿಂತ ಎತ್ತಿನ ಶಕ್ತಿಯನ್ನು ಎಷ್ಟು ಹೊತ್ತು ನೋಡಿದರೂ ಅರಿಯಲಾಗದು. ನೊಗ ಹೂಡಿದರೆ ಒಂದು ಸಾಲಿನಲ್ಲಿ ತಿಳಿಯುವುದು.

ನಿಂತ ನೀರಿನ ಅಳತೆಗಳು ನಿರುಪಯೋಗ ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಅವು ಬಾವಿಯನ್ನು ಇದ್ದುದಕ್ಕಿಂತ ಒಳ್ಳೆಯದೆಂದು ತೋರಿಸುವುವು. ಪ್ರತಿ ಅಳತೆಯಲ್ಲಿಯೂ ಸ್ವಲ್ಪ ತಪ್ಪಿರುವುದಷ್ಟೆ. ಮೊದಲನೆಯ ಮೊತ್ತದಲ್ಲಿ ಬೇರೆ ಬೇರೆ ಅಳತೆಗಳನ್ನು ಗುಣಿಸುವುದರಿಂದ ಹೆಚ್ಚಿನ ತಪ್ಪೂ ಕಡಿಮೆಯ ತಪ್ಪೂ ಒಂದನ್ನೊಂದು ಅಳಿಸಿಹಾಕುವುವು. ಎರಡನೆಯ ಮೊತ್ತದಲ್ಲಿ ಅಳತೆಯನ್ನು ಅದರಿಂದಲೇ ಗುಣಿಸುವುದರಿಂದ ತಪ್ಪಿನ ವರ್ಗವು ಯಾವಾಗಲೂ ಕೂಡುತ್ತಲೇ ಇರುವುದು. ಭಾಜಕವು ಹೆಚ್ಚಾದುದರಿಂದ ಗುಣಕವು ಕಡಿಮೆಯಾಗಿ ಬರುವುದು. ಕೊರತೆಯು ೨ ಸೆಂಟಿಮೀಟರಿನಷ್ಟೂ ತಪ್ಪು ೧ ಸೆಂಟಿಮೀಟರಿನಷ್ಟೂ ಇದ್ದರೆ, ನಿಜವಾದ ೦.೯೦ರ ಗುಣಕವು ಲೆಕ್ಕದಲ್ಲಿ ೦.೭೨ ಎಂದು ಕಾಣುವುದು. ಅಂದರೆ ಗಂಟೆಗೆ ಹತ್ತು ಪಾಲು ತುಂಬುವ ಬಾವಿಯು ಇಪ್ಪತ್ತೆಂಟು ಪಾಲು ತುಂಬುವುದೆಂದು ತೋರುವುದು. ಒರತೆಯನ್ನು ಸುಮಾರು ಮೂರರಷ್ಟು ಮಾಡಿ ಹೇಳುವ ಈ ತಪ್ಪು ಅಳತೆಗಳನ್ನು ಹೆಚ್ಚಿಸುವುದರಿಂದ ಹೋಗುವುದಿಲ್ಲ. ಲಕ್ಷ ಅಳತೆಗಳಾದರೆ ತಪ್ಪು ಉತ್ತರವೇ ಇನ್ನೂ ದೃಢವಾಗುವುದು. ಇಂತಹ ಲೆಕ್ಕವನ್ನು ನಂಬಿ ನಾಲ್ಕು ಎಕರೆಯ ಸ್ಥಳದಲ್ಲಿ ಹನ್ನೆರಡು ಎಕರೆಗೆ ನಾಟಿ ಮಾಡಿದ ರೈತನಿಗೆ ಆಗುವ ನಷ್ಟವನ್ನು ಹೇಳಬೇಕಾದುದಿಲ್ಲ.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದಾಗಿ, ಬಾವಿಯನ್ನು ಚೆನ್ನಾಗಿ ಬರಿದು ಮಾಡಿದ ಮೇಲಿನ ಅಳತೆಗಳನ್ನು ಮಾತ್ರ ಮೊತ್ತಗಳಿಗೆ ಸೇರಿಸತಕ್ಕದ್ದು. ಕೊರತೆಯು ಅರ್ಧ ಮೀಟರಿಗಿಂತ ಕಡಿಮೆಯಾದೊಡನೆ ಬಿಟ್ಟುಬಿಡುವುದು ಕ್ಷೇಮ. ಎರಡನೆಯದಾಗಿ, ಕಾಲು ಗಂಟೆಗೊಮ್ಮೆ ಬಂದ ನಾಲ್ಕು ಅಳತೆಗಳ ಸರಾಸರಿಯನ್ನು ಆ ಗಂಟೆಯ ಅಳತೆಯೆಂದು ಭಾವಿಸಬಹುದು. ಇದರಿಂದ ಗಂಟೆಯ ಗುಣಕವು ಬದಲಾಗದು. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು ಮಾತ್ರ ಅರ್ಧಕ್ಕೆ ಇಳಿಯುವುವು. ಮೂರನೆಯದಾಗಿ, ಇನ್ನೊಂದು ಮೊತ್ತವನ್ನು ಇಟ್ಟುಕೊಳ್ಳಬಹುದು. ಪ್ರತಿ ಅಳತೆಯನ್ನೂ ಎರಡು ಗಂಟೆಗಳ ಮುಂದಿನ ಅಳತೆಯಿಂದ ಗುಣಿಸಿ ಕೂಡಿದರೆ ಈ ಮೂರನೆಯ ಮೊತ್ತವು ಬರುವುದು. ಇದನ್ನು, ಅವೇ ಅಳತೆಗಳಿಂದ ಮಾಡಿದ ಮೊದಲನೆಯ ಮೊತ್ತದಿಂದ ಭಾಗಿಸಬೇಕು. ಇಲ್ಲಿ ಯಾವ ಅಳತೆಯನ್ನೂ ಅದರಿಂದಲೇ ಗುಣಿಸದಿರುವುದರಿಂದ ತಪ್ಪಿನ ವರ್ಗವು ಕೂಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಮೂರನೆಯ ಮೊತ್ತ ೩೧.೮೯, ಅದಕ್ಕೆ ಸರಿಯಾದ ಮೊದಲನೆಯ ಮೊತ್ತ ೩೫.೫೭, ಗುಣಕ ೦.೮೯೭. ಎರಡು ದಾರಿಗಳಿಂದ ಬಂದ ಉತ್ತರಗಳು ಹೀಗೆ ಹತ್ತಿರವಾಗಿದ್ದರೆ ಲೆಕ್ಕವನ್ನು ನಂಬಬಹುದು. ಬಹಳ ದೂರವಾಗಿದ್ದರೆ ಅಳತೆಗಳನ್ನು ಸಂಶಯದಿಂದ ನೋಡಬೇಕು.

ಪಂಪು ನಡೆಯುತ್ತಿದ್ದ ಗಂಟೆಗಳ ಅಳತೆಗಳನ್ನೂ, ಮಳೆಯ ನೀರು ನೇರವಾಗಿ ಬಾವಿಗೆ ಹರಿದ ದಿನಗಳ ಅಳತೆಗಳನ್ನೂ, ಪಕ್ಕದ ಹೊಲದ ಬಾವಿಯಲ್ಲಿ ಜೋರಾಗಿ ನೀರೆತ್ತುತ್ತಿದ್ದ ಸಮಯದ ಅಳತೆಗಳನ್ನೂ ಬಿಡತಕ್ಕದ್ದು. ಈ ಲೆಕ್ಕವು ತೆರೆದ ಬಾವಿಗಳಿಗೆ ಸಂಬಂಧಪಟ್ಟದ್ದು. ಕೊಳವೆ ಬಾವಿಯೊಳಗೆ ನಿಲ್ಲುವ ನೀರು ಅಲ್ಪವಾದುದರಿಂದ ಅದರ ಮಟ್ಟವು ಬೇರೆ ರೀತಿಯಾಗಿ ಏರುವುದು. ಅದರ ಪರೀಕ್ಷೆಗೆ ಅಮೆರಿಕದ ಸಿ. ವಿ. ಥೀಸ್‌ರವರು ೧೯೩೫ರಲ್ಲಿ ಕೊಟ್ಟ ಸೂತ್ರವೇ ಆಧಾರವಾಗಿದೆ.

ಬದಲಾಗುವ ಬಾವಿ

ಕರ್ನಾಟಕದ ಬಹುಭಾಗದಲ್ಲಿ ನೆಲದಡಿಯಲ್ಲಿರುವುದು ಗಟ್ಟಿಯಾದ ಬಂಡೆ. ಮೇಲಿನ ಶಿಥಿಲವಾದ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ಸೇರಿಕೊಂಡಿರುವುದು. ಬೇಸಗೆ ಬಂದಂತೆ ಮೇಲಿನ ಪದರವು ಒಣಗುವುದು, ನಿಲುಮಟ್ಟವು ಇಳಿಯುವುದು, ಒರತೆಯ ಬಾಯಿಗಳು ಒಂದೊಂದಾಗಿ ಮುಚ್ಚುವುವು. ಮಾರ್ಗಶಿರದಲ್ಲಿ ೦.೯೦ ಇದ್ದ ಗುಣಕವು ಚೈತ್ರದಲ್ಲಿ ೦.೯೪ ಆಗಬಹುದು. ಹೀಗಿರಲಾಗಿ ಹಳೆಯ ಅಳತೆಗಳಿಗೂ ಹೊಸ ಅಳತೆಗಳಿಗೂ ಸಮನಾದ ಬೆಲೆಯನ್ನು ಕೊಡುವುದು ಯುಕ್ತವಲ್ಲ. ಹೊಸ ಅಳತೆಯನ್ನು ಸೇರಿಸುವ ಮುನ್ನ ಮೊತ್ತಗಳನ್ನೆಲ್ಲಾ ೦.೯೯ರಿಂದ ಗುಣಿಸಿದರೆ, ಹಳೆಯವು ಮೆಲ್ಲಮೆಲ್ಲನೆ ಬೆಲೆ ಕಳೆದುಕೊಳ್ಳುವುವು. ಹತ್ತಿರದ ಸುಮಾರು ನೂರು ಅಳತೆಗಳೇ ಗುಣಕವನ್ನು ನಿರ್ಧರಿಸುವುವು. ಒಂದು ರಾತ್ರಿಗೆ ಹನ್ನೆರಡು ಒಳ್ಳೆಯ ಅಳತೆಗಳು ಸಿಕ್ಕುವುದಾದರೆ ಇದು ಎಂಟು ರಾತ್ರಿಗಳ ನೆನಪಾಯಿತು. ಆದರೆ ಬಾವಿಯು ಸುಮ್ಮನಿದ್ದ ದಿನಗಳಲ್ಲಿ ಹೀಗೆ ಗುಣಿಸಕೂಡದು. ಹೊಸದನ್ನು ಕಲಿಯದೆ ಹಳೆಯದನ್ನು ಮರೆಯುವುದರಿಂದ ಗುಣಕವು ಗೊತ್ತುಗುರಿಯಿಲ್ಲದೆ ಓಲಾಡುವುದು.

ಬೆಳೆಯ ನಿರ್ಧಾರ

೬ ಮೀಟರು ಅಡ್ಡಳತೆಯ ದುಂಡು ಬಾವಿಯಲ್ಲಿ ಒಂದು ಮೀಟರು ಎತ್ತರದ ನೀರು ಸುಮಾರು ೨೮,೩೦೦ ಲೀಟರು. ಗುಣಕವು ೦.೯೦ ಇರುವಾಗ ೨ ಮೀಟರು ಕೊರತೆಯಲ್ಲಿ ಬಿಟ್ಟರೆ ಒಂದು ಗಂಟೆಗೆ ೨೦ ಸೆಂಟಿಮೀಟರು, ಅಂದರೆ ೫,೬೫೦ ಲೀಟರು ನೀರು ಬರುವುದು. ಬರುವಷ್ಟನ್ನೇ ಎತ್ತುತ್ತಾ ಕೊರತೆಯನ್ನು ೨ ಮೀಟರಿನಲ್ಲಿಯೇ ಹಿಡಿದಿಟ್ಟರೆ ಒರತೆಯು ಮಂದವಾಗದೆ ಗಂಟೆಗೆ ೬,೦೦೦ ಲೀಟರಿನ ಹತ್ತಿರ, ದಿನಕ್ಕೆ ಸುಮಾರು ೧,೪೩,೦೦೦ ಲೀಟರು ದೊರೆಯುವುದು. ದಿನಕ್ಕೆ ೫ ಮಿಲಿಮೀಟರು ನೀರು ಬೇಕಾದ ಬೆಳೆಗೆ ಎಕರೆಗೆ ಸುಮಾರು ೨೦,೦೦೦ ಲೀಟರು ಬೇಕು. ಬಾವಿಯಲ್ಲಿ ಎತ್ತಿದುದರ ಮೂರರಲ್ಲೊಂದು ಪಾಲು ಕಾಲುವೆಯಲ್ಲಿ ಇಂಗಿಹೋಗುವುದಾದರೆ ಎಕರೆಗೆ ೩೦,೦೦೦ ಲೀಟರು ಎತ್ತಬೇಕು. ಈ ಪ್ರಕಾರ ಬಾವಿಯು ನಾಲ್ಕೂವರೆ ಎಕರೆಯನ್ನು ಸಾಕಬಲ್ಲದು. ಗುಣಕವು ೦.೯೪ಕ್ಕೆ ಬಂದಾಗ ಅದೇ ಬಾವಿಯು ದಿನಕ್ಕೆ ಸುಮಾರು ೮೪,೦೦೦ ಲೀಟರು ಮಾತ್ರ ಕೊಡುವುದರಿಂದ ಮೂರು ಎಕರೆಗೂ ಸಾಲದು. ಆದುದರಿಂದ ಬೇಸಗೆಯವರೆಗೆ ನಿಲ್ಲತಕ್ಕ ಬೆಳೆಯನ್ನು ಮಾರ್ಗಶಿರದ ನೀರನ್ನು ನೋಡಿ ಗೊತ್ತುಮಾಡದೆ, ಹಿಂದಿನ ವರ್ಷದ ಚೈತ್ರದ ಗುಣಕವನ್ನು ನೋಡಿ ಗೊತ್ತುಮಾಡತಕ್ಕದ್ದು.

ಪಂಪಿನ ವಿಷಯದಲ್ಲಿಯೂ ಈ ಲೆಕ್ಕವೇ ದಾರಿ ತೋರಿಸುವುದು. ಗಂಟೆಗೆ ೩೦,೦೦೦ ಲೀಟರು ಎತ್ತುವ ಪಂಪನ್ನು ಈ ಬಾವಿಗೆ ಹಾಕಿದರೆ ಐದು ಗಂಟೆಗಳೊಳಗಾಗಿ ನೀರು ೪ ಮೀಟರು ಇಳಿದುಹೋಗುವುದು. ಅನಂತರ ಎಷ್ಟು ದೊಡ್ಡ ಪಂಪಾದರೂ ಒರತೆಗಿಂತ ಹೆಚ್ಚು ನೀರನ್ನು ತರಲಾರದು. ದೊಡ್ಡ ಪಂಪು ಒರತೆಯನ್ನು ಬೆಳೆಸುವುದಿಲ್ಲ. ಬರಿದಾಗುವ ಹೊತ್ತನ್ನು ಬೇಗ ತರುವುದು ಅಷ್ಟೆ.

ಒತ್ತಡಮಾಪಕವಿಲ್ಲದವರೂ ಈ ಪರೀಕ್ಷೆಯನ್ನು ಮಾಡಬಹುದು. ತಿಂಗಳಿಗೊಂದು ಸಂಜೆ ಬಾವಿಯನ್ನು ಚೆನ್ನಾಗಿ ಬರಿದು ಮಾಡಿ, ಗಂಟೆಗೊಮ್ಮೆ ಐದಾರು ಸಲ ಕೊರತೆಯನ್ನು ಅಳೆದು, ಮೊತ್ತಗಳನ್ನು ಮಕ್ಕಳ ಲೆಕ್ಕದ ಪುಸ್ತಕದ ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ ಸಾಕು. ವರ್ಷದ ಕೊನೆಗೆ ಆ ಪುಟದಲ್ಲಿ ಹನ್ನೆರಡು ಗುಣಕಗಳಿರುವುವು. ಬಾವಿಯು ಯಾವ ತಿಂಗಳಲ್ಲಿ ಎಷ್ಟು ಭಾರವನ್ನು ಹೊರಬಲ್ಲದೆಂಬುದನ್ನು ಆ ಹನ್ನೆರಡು ಸಂಖ್ಯೆಗಳು ತಿಳಿಸುವಷ್ಟು ಸ್ಪಷ್ಟವಾಗಿ ನಿಂತ ನೀರಿನ ಮೂವತ್ತೈದು ಸಾವಿರ ಅಳತೆಗಳು ತಿಳಿಸಲಾರವು. ಸಾಲದ ಪತ್ರಕ್ಕೆ ರುಜು ಹಾಕುವ ಮುನ್ನ ರೈತನು ಆ ಪುಟವನ್ನು ಒಮ್ಮೆ ತೆರೆದು ನೋಡುವುದು ಹಿತಕರ.